ಓಟದ ವಾಚು: ಬೆಲೆ ಕೇಳೋ ಮುಂಚೆ ದಾರಿ ನೋಡಿ

"ಓಟಕ್ಕೆ ಯಾವ ವಾಚ್ ತಗೊಳ್ಳಲಿ?" ಅಂತ ಯಾರಾದರೂ ಕೇಳಿದರೆ ತಿರುಗಿ ಕೇಳಬೇಕಾದ್ದು ಬಜೆಟ್ ಎಷ್ಟು ಅಂತಲ್ಲ, ಓಡೋದು ಎಲ್ಲಿ ಅಂತ. ತುಮಕೂರಿನಲ್ಲೇ ನೋಡಿ. ಬೆಳಗ್ಗೆ ಅಮಾನಿಕೆರೆ ಸುತ್ತ ನಿಧಾನಕ್ಕೆ ಓಡುವವರಿಗೆ ಬೇಕಾದ ವಾಚು ಬೇರೆ. ಎಂ.ಜಿ. ಸ್ಟೇಡಿಯಂ ಟ್ರ್ಯಾಕಿನಲ್ಲಿ 400 ಮೀಟರ್ ಇಂಟರ್ವಲ್ (ಜೋರಾಗಿ ಓಡಿ, ಸುಧಾರಿಸಿಕೊಂಡು, ಮತ್ತೆ ಓಡೋದು) ಹೊಡೆಯುವವರಿಗೆ ಬೇಕಾದ್ದು ಬೇರೆ. ಭಾನುವಾರ ನಾಮದ ಚಿಲುಮೆ ದಾರಿ ಹಿಡಿದು ದೇವರಾಯನದುರ್ಗ ಹತ್ತುವವರಿಗೆ ಬೇಕಾದ್ದು ಇನ್ನೂ ಬೇರೆ. ಮೂವರಿಗೂ ಒಂದೇ ವಾಚು ಸಾಕು ಅಂತ ಅಂಗಡಿಯವರು ಹೇಳುತ್ತಾರೆ, ಅದೂ ಅತ್ಯಂತ ದುಬಾರಿಯದನ್ನೇ ತೋರಿಸಿ. ಆ ಹೆಚ್ಚಿನ ದುಡ್ಡು ಬಹುಪಾಲು ಹೋಗೋದು ಹಾಡು, ಮ್ಯಾಪು, ಫೋನ್ ಕರೆ, ನಿದ್ದೆಗೆ ಮಾರ್ಕ್ಸು ಇಂಥವಕ್ಕೆ. ದಾರಿ ತೋರಿಸುವ ಮ್ಯಾಪು ಗೊತ್ತಿಲ್ಲದ ಕಾಡಿನಲ್ಲಿ ಕೆಲಸಕ್ಕೆ ಬಂದೀತು. ಉಳಿದವು ನೀವು ಓಡಿದ್ದನ್ನು ಒಂದು ಮೀಟರಿನಷ್ಟೂ ಹೆಚ್ಚು ಸರಿಯಾಗಿ ಅಳೆಯೋದಿಲ್ಲ.

ಮೊದಲ ಸೋಸುವಿಕೆ ಸುಲಭ. ವಾಚಿಗೆ ಸ್ವಂತ ಜಿಪಿಎಸ್ ಇದೆಯಾ? ಎರಡು ಮೂರು ಸಾವಿರಕ್ಕೆ ಸಿಗುವ ಬಹಳಷ್ಟು ಸ್ಮಾರ್ಟ್‌ವಾಚುಗಳ ಡಬ್ಬಿಯ ಮೇಲೆ "ಜಿಪಿಎಸ್" ಅಂತ ದೊಡ್ಡದಾಗಿಯೇ ಬರೆದಿರುತ್ತದೆ. ಮುಂದೆ ಸಣ್ಣಕ್ಷರದಲ್ಲಿ "ಕನೆಕ್ಟೆಡ್" ಅಂತಲೋ "ಅಸಿಸ್ಟೆಡ್ ವಯಾ ಫೋನ್" ಅಂತಲೋ ಇರುತ್ತದೆ. ಅಂದರೆ ಅಳೆಯೋದು ಜೇಬಿನಲ್ಲಿರೋ ಫೋನು, ವಾಚು ತೋರಿಸೋದಷ್ಟೇ. ಫೋನ್ ಹಿಡಿದುಕೊಂಡೇ ಓಡುವವರಿಗೆ ಇದರಿಂದ ನಷ್ಟವಿಲ್ಲ, ಆದರೆ ಆಗ ವಾಚೇ ಯಾಕೆ ಅನ್ನೋ ಪ್ರಶ್ನೆ ಏಳುತ್ತದೆ. ಪರೀಕ್ಷೆ ಹೀಗೆ: ಫೋನನ್ನು ಮನೆಯಲ್ಲೇ ಬಿಟ್ಟು, ವಾಚು ಕಟ್ಟಿಕೊಂಡು ಎರಡು ಕಿಲೋಮೀಟರ್ ಓಡಿ ಬನ್ನಿ. ಆಮೇಲೆ ಸಿಂಕ್ ಮಾಡಿದಾಗ ಓಡಿದ ದಾರಿ ಮ್ಯಾಪಿನಲ್ಲಿ ಗೆರೆಯಾಗಿ ಬಂದರೆ ಸ್ವಂತ ಜಿಪಿಎಸ್ ಇದೆ. ಬರೀ ಹೆಜ್ಜೆ ಲೆಕ್ಕದಿಂದ ಕಟ್ಟಿದ ದೂರ ಬಂದು ಗೆರೆ ಬರದಿದ್ದರೆ ಇಲ್ಲ.

ಟ್ರ್ಯಾಕಿನಲ್ಲಿ ಮಾತ್ರ ಓಡುವವರಿಗೆ ಜಿಪಿಎಸ್ಸೇ ಬೇಕಿಲ್ಲ. ದೂರ ನೆಲದ ಮೇಲೇ ಬರೆದಿದೆಯಲ್ಲ. ಲ್ಯಾಪ್ ಮೆಮೊರಿ, ಅಂದರೆ ಒಂದೊಂದು ಸುತ್ತಿನ ಸಮಯದ ನೆನಪು, ಇರುವ ಸಾದಾ ಡಿಜಿಟಲ್ ವಾಚು ಸಾಕು, 30 ಲ್ಯಾಪ್ ನೆನಪಿಟ್ಟುಕೊಂಡರೆ ಧಾರಾಳ. ಒಂದು ಎಚ್ಚರ ಮಾತ್ರ. ಎಲ್ಲರ ಕೈಯಲ್ಲೂ ಕಾಣುವ ಕ್ಯಾಸಿಯೊ ಎಫ್-91ಡಬ್ಲ್ಯೂ 1989ರಿಂದ ಬರುತ್ತಿದೆ, ತೂಕ 21 ಗ್ರಾಂ, ಗಟ್ಟಿಮುಟ್ಟು, ನಿಜ. ಆದರೆ ಅದರ ಸ್ಟಾಪ್‌ವಾಚ್ 59 ನಿಮಿಷ 59.99 ಸೆಕೆಂಡಿನ ತನಕ ಮಾತ್ರ ಎಣಿಸುತ್ತದೆ, ಲ್ಯಾಪ್ ನೆನಪಿಟ್ಟುಕೊಳ್ಳೋದೂ ಇಲ್ಲ. ಒಂದು ಗಂಟೆ ದಾಟುವ ಓಟಕ್ಕೆ ಅದು ಆಗಿಬರೋದಿಲ್ಲ.

ಮೇಲಿನ ಗಡಿಯಾರ, ಕೈಯ ಗಡಿಯಾರ

ತುಮಕೂರಿಗೆ ವಾಚು ಹೊಸದಲ್ಲ. ಎಚ್‌ಎಂಟಿ ವಾಚು ಇಲ್ಲೇ ತಯಾರಾಗುತ್ತಿತ್ತು. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಕಂಪನಿಯನ್ನೇ ಮುಚ್ಚಲು ತೀರ್ಮಾನಿಸಿತು, ಕಾರ್ಖಾನೆಯ ಜಾಗ ಇಸ್ರೋ ಪಾಲಾಯಿತು. ಗಡಿಯಾರದ ಜಾಗಕ್ಕೆ ಉಪಗ್ರಹದವರು ಬಂದದ್ದು ಕಾಕತಾಳೀಯವೇ ಇರಬಹುದು, ಆದರೆ ಓಟದ ವಾಚಿನೊಳಗೂ ಆಗಿರೋದು ಅದೇ. ಜಿಪಿಎಸ್ ಅಂದರೆ ಕೊನೆಗೂ ಗಡಿಯಾರದ ಆಟ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹದಲ್ಲಿ ಪರಮಾಣು ಗಡಿಯಾರ ಇದೆ. ಅದು ಸಮಯ ಹೇಳುತ್ತದೆ, ಆ ಮಾತು ನಿಮ್ಮ ಕೈಗೆ ತಲುಪಲು ಎಷ್ಟು ತಡವಾಯಿತು ಅಂತ ವಾಚು ಲೆಕ್ಕ ಹಾಕುತ್ತದೆ. ಒಂದು ನ್ಯಾನೋಸೆಕೆಂಡ್ ತಪ್ಪಿದರೆ ದೂರ 30 ಸೆಂಟಿಮೀಟರ್ ತಪ್ಪುತ್ತದೆ. ಮೂರು ದಿಕ್ಕಿನ ಸ್ಥಾನಕ್ಕೆ ಮೂರು, ವಾಚಿನ ಸ್ವಂತ ಅಗ್ಗದ ಗಡಿಯಾರದ ತಪ್ಪನ್ನು ತಿದ್ದಲು ಇನ್ನೊಂದು, ಒಟ್ಟು ಕನಿಷ್ಠ ನಾಲ್ಕು ಉಪಗ್ರಹ ಕಾಣಬೇಕು.

ಇದು ಗೊತ್ತಿದ್ದರೆ ಮೊದಲ ಕಿಲೋಮೀಟರ್ ಯಾಕೆ ಹಾಳಾಗುತ್ತದೆ ಅನ್ನೋದು ತಾನಾಗೇ ತಿಳಿಯುತ್ತದೆ. ಮನೆ ಗೇಟಿನ ಹತ್ತಿರ, ತಲೆಯ ಮೇಲೆ ಸಜ್ಜಾ, ಪಕ್ಕದಲ್ಲಿ ಮೂರಂತಸ್ತಿನ ಮನೆ. ವಾಚು "ರೆಡಿ" ಅಂತ ಹಸಿರು ತೋರಿಸಿದ ತಕ್ಷಣ ಓಡಲು ಶುರು ಮಾಡುತ್ತೀರಿ. ಆ ಹಸಿರಿನ ಅರ್ಥ ನಾಲ್ಕೈದು ಉಪಗ್ರಹ ಸಿಕ್ಕವು ಅಂತ ಮಾತ್ರ. ಒಂದೊಂದು ಉಪಗ್ರಹವೂ ತಾನು ಎಲ್ಲಿದ್ದೇನೆ ಅನ್ನೋ ವಿವರವನ್ನು ಸೆಕೆಂಡಿಗೆ 50 ಬಿಟ್ ವೇಗದಲ್ಲಿ, ಅಂದರೆ ಬಸವನಹುಳುವಿನ ಹಾಗೆ ಕಳಿಸುತ್ತದೆ. ಪೂರ್ತಿ ಬರಲು 30 ಸೆಕೆಂಡು ಹಿಡಿಯುತ್ತದೆ. ಹಾಗಾಗಿ ಹಸಿರು ಬಂದ ಮೇಲೂ ಬಯಲಲ್ಲಿ ಒಂದು ನಿಮಿಷ ನಿಲ್ಲಿ, ಕಾಲು ಸಡಿಲ ಮಾಡಿಕೊಳ್ಳಿ. ಇನ್ನೂ ಒಳ್ಳೆಯದು, ಹಿಂದಿನ ರಾತ್ರಿ ವಾಚನ್ನು ಫೋನಿಗೆ ಸಿಂಕ್ ಮಾಡಿಡಿ. ಮುಂದಿನ ಕೆಲವು ದಿನ ಉಪಗ್ರಹಗಳು ಎಲ್ಲೆಲ್ಲಿರುತ್ತವೆ ಅನ್ನೋ ಪಟ್ಟಿ ಇಂಟರ್ನೆಟ್ಟಿನಿಂದ ವಾಚಿಗೆ ಇಳಿದಿರುತ್ತದೆ, ಸಿಗ್ನಲ್ ಕೆಲವೇ ಸೆಕೆಂಡಿನಲ್ಲಿ ಸಿಗುತ್ತದೆ. ಎರಡು ವಾರ ಸಿಂಕ್ ಮಾಡದೆ ಬಿಟ್ಟ ವಾಚು ಬೆಳಗ್ಗೆ ಎರಡು ಮೂರು ನಿಮಿಷ ಸತಾಯಿಸಿದರೆ ಅದು ಕೆಟ್ಟಿದೆ ಅಂತಲ್ಲ, ಪಟ್ಟಿ ಹಳಸಿದೆ ಅಂತ.

ಈಗ ಡಬ್ಬಿಯ ಮೇಲಿನ "ಡ್ಯುಯಲ್ ಬ್ಯಾಂಡ್" ವಿಷಯ. ಹಳೆಯ ವಾಚುಗಳು ಎಲ್1 ಅನ್ನೋ ಒಂದೇ ತರಂಗ ಹಿಡಿಯುತ್ತವೆ, 1575.42 ಮೆಗಾಹರ್ಟ್ಸ್. ಡ್ಯುಯಲ್ ಬ್ಯಾಂಡಿನವು ಜೊತೆಗೆ ಎಲ್5 ಅನ್ನೂ ಹಿಡಿಯುತ್ತವೆ, 1176.45 ಮೆಗಾಹರ್ಟ್ಸ್. ಎಲ್5 ಸಂಕೇತದ ಮಿಡಿತ ಎಲ್1ಕ್ಕಿಂತ ಹತ್ತು ಪಟ್ಟು ಚುರುಕು. ಹೀಗಾಗಿ ನೇರವಾಗಿ ಬಂದ ಸಿಗ್ನಲ್ ಯಾವುದು, ಗೋಡೆಗೋ ಬಂಡೆಗೋ ಬಡಿದು ತಡವಾಗಿ ಬಂದದ್ದು ಯಾವುದು ಅಂತ ಬೇರ್ಪಡಿಸಲು ಸುಲಭ. ಇದರ ಲಾಭ ಸಿಗೋದು ಎತ್ತರದ ಕಟ್ಟಡಗಳ ನಡುವೆ, ಬೆಟ್ಟದ ಮಗ್ಗುಲಲ್ಲಿ, ದಟ್ಟ ಮರಗಳ ಕೆಳಗೆ. ಅಮಾನಿಕೆರೆ ಏರಿಯ ಮೇಲೆ ಆಕಾಶ ಪೂರ್ತಿ ತೆರೆದಿದೆ, ಅಲ್ಲಿ ಸಿಂಗಲ್ ಬ್ಯಾಂಡಿಗೂ ಡ್ಯುಯಲ್ ಬ್ಯಾಂಡಿಗೂ ವ್ಯತ್ಯಾಸ ಹುಡುಕಿದರೂ ಸಿಗೋದು ಕಷ್ಟ. ದೇವರಾಯನದುರ್ಗದ ಘಾಟಿ ದಾರಿಯಲ್ಲಿ, ಒಂದು ಕಡೆ ಬಂಡೆ, ಮೇಲೆ ಕೊಂಬೆ ಇರುವ ತಿರುವಿನಲ್ಲಿ, ಗೆರೆ ರಸ್ತೆ ಬಿಟ್ಟು ಕಾಡಿಗೆ ನುಗ್ಗುತ್ತದಾ ಇಲ್ಲವಾ ಅನ್ನೋದು ಇದರಿಂದ ತೀರ್ಮಾನವಾಗುತ್ತದೆ. ಬೆಂಗಳೂರಿನ ಓಟಗಳಿಗೆ ಹೋಗುವವರಿಗೂ ಇದು ದುಡ್ಡಿಗೆ ತಕ್ಕದ್ದು. ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಓಡಲಿಕ್ಕೆ ಬೇಕಿಲ್ಲ.

ಜಿಪಿಎಸ್ ಥರದ್ದೇ ನಮ್ಮ ದೇಶದ ಉಪಗ್ರಹ ವ್ಯವಸ್ಥೆ ನಾವಿಕ್ ಇದೆಯಲ್ಲ, ಅದಿರುವ ವಾಚು ತಗೊಳ್ಳಬೇಕಾ ಅಂತ ಕೇಳುವವರಿದ್ದಾರೆ. ನಾವಿಕ್‌ನ ಮೊದಲ ಉಪಗ್ರಹಗಳು ಎಲ್5 ಮತ್ತು ಎಸ್ ಬ್ಯಾಂಡಿನಲ್ಲಿ ಮಾತ್ರ ಮಾತಾಡುತ್ತವೆ. 2023ರ ಮೇನಲ್ಲಿ ಹಾರಿದ ಎನ್‌ವಿಎಸ್-01 ಬಂದ ಮೇಲೆ ಎಲ್1 ಸೇರಿತು. ಅಂದರೆ ಎಲ್5 ಹಿಡಿಯದ ವಾಚಿಗೆ ಹಳೆಯ ನಾವಿಕ್ ಉಪಗ್ರಹಗಳು ಕಾಣೋದೇ ಇಲ್ಲ. ಇದ್ದರೆ ಸಂತೋಷ, ಅದೊಂದನ್ನೇ ನೋಡಿ ಕೊಳ್ಳುವಂಥದ್ದಲ್ಲ.

ಪೇಸ್ ಕುಣಿಯೋದು ಯಾಕೆ

ಪೇಸ್ ಅಂದರೆ ಒಂದು ಕಿಲೋಮೀಟರಿಗೆ ಹಿಡಿಯುವ ಸಮಯ. ಹೊಸಬರ ಮೊದಲ ದೂರು ಇದೇ: "ಒಂದೇ ವೇಗದಲ್ಲಿ ಓಡ್ತಿದ್ದೀನಿ, ವಾಚು 5:20 ಅನ್ನುತ್ತೆ, ಕಣ್ಣು ಮಿಟುಕಿಸೋದರಲ್ಲಿ 6:45 ಅನ್ನುತ್ತೆ." ಲೆಕ್ಕ ಹಾಕಿ ನೋಡಿ. ಕಿಲೋಮೀಟರಿಗೆ 6 ನಿಮಿಷದ ಓಟ ಅಂದರೆ ಸೆಕೆಂಡಿಗೆ 2.78 ಮೀಟರ್. ಹತ್ತು ಸೆಕೆಂಡಿನಲ್ಲಿ ಸುಮಾರು 28 ಮೀಟರ್. ಜಿಪಿಎಸ್ ಬರೀ 3 ಮೀಟರ್ ಆ ಕಡೆ ಈ ಕಡೆ ಆದರೂ ಆ ಹತ್ತು ಸೆಕೆಂಡಿನ ಪೇಸ್ 5:25ರಿಂದ 6:43ರ ತನಕ ಎಲ್ಲಿ ಬೇಕಾದರೂ ಬರಬಹುದು. ಅದೇ 3 ಮೀಟರ್ ತಪ್ಪನ್ನು ಪೂರ್ತಿ ಒಂದು ಕಿಲೋಮೀಟರಿಗೆ ಹಂಚಿದರೆ ಒಂದೇ ಒಂದು ಸೆಕೆಂಡು. ವಾಚು ಒಂದೇ, ತಪ್ಪೂ ಒಂದೇ, ನೀವು ನೋಡುವ ಕಿಟಕಿ ಮಾತ್ರ ಬೇರೆ.

ಆದ್ದರಿಂದ ಕೊಳ್ಳುವಾಗ ನೋಡಬೇಕಾದ್ದು ಪರದೆಯ ಸಾಲುಗಳನ್ನು ನಮಗೆ ಬೇಕಾದ ಹಾಗೆ ಜೋಡಿಸಲು ಬಿಡುತ್ತದಾ ಅಂತ. "ಲ್ಯಾಪ್ ಪೇಸ್" ಅನ್ನೋ ಸಾಲು, ಅಂದರೆ ಈ ಲ್ಯಾಪಿನ ಶುರುವಿನಿಂದ ಈ ತನಕದ ಸರಾಸರಿ ಪೇಸ್, ಇರಲೇಬೇಕು. ಈ ಕ್ಷಣದ ಪೇಸನ್ನು ಪರದೆಯಿಂದ ಕಿತ್ತುಹಾಕಿ ಲ್ಯಾಪ್ ಪೇಸ್, ಒಟ್ಟು ದೂರ, ಹೃದಯ ಬಡಿತ ಇಷ್ಟೇ ಇಟ್ಟುಕೊಳ್ಳಿ. ಒಂದು ಪರದೆಗೆ ಮೂರು ಸಾಲು ಸಾಕು. ಆರು ಸಾಲು ತುರುಕಿದರೆ ಓಡುತ್ತಾ ಓದಲಿಕ್ಕಾಗದು, ಅದರಲ್ಲೂ ಚಾಳೀಸು ಬಂದವರಿಗೆ. ಅಗ್ಗದ ಕೆಲವು ವಾಚುಗಳಲ್ಲಿ ಈ ಸಾಲು ಬದಲಿಸಲು ಬರೋದೇ ಇಲ್ಲ. ಆ ಒಂದೇ ಕಾರಣಕ್ಕೆ ಬಿಡಬಹುದು. ಸೆಟ್ಟಿಂಗ್‌ನಲ್ಲಿ ರೆಕಾರ್ಡಿಂಗ್ "ಪ್ರತಿ ಸೆಕೆಂಡ್" ಅಂತ ಇರಲಿ. "ಸ್ಮಾರ್ಟ್" ಅಂತ ಇದ್ದರೆ ವಾಚು ತನಗೆ ಬೇಕಾದ ಬಿಂದುಗಳನ್ನು ಮಾತ್ರ ಬರೆದಿಟ್ಟುಕೊಂಡು ತಿರುವುಗಳನ್ನು ಕತ್ತರಿಸಿಬಿಡುತ್ತದೆ.

ಇನ್ನು ರೇಸಿನ ದಿನದ ಜಗಳ. ಹತ್ತು ಕಿಲೋಮೀಟರ್ ಓಟ ಮುಗಿಸಿದವರೆಲ್ಲ "ನನ್ನ ವಾಚಿನಲ್ಲಿ 10.15 ಬಂತು, ಅಳತೆ ತಪ್ಪು" ಅನ್ನುತ್ತಾರೆ. ಸರಿಯಾಗಿ ಅಳೆದ ಕೋರ್ಸನ್ನು ಸೈಕಲ್ ಚಕ್ರಕ್ಕೆ ಎಣಿಕೆಯ ಯಂತ್ರ ಕಟ್ಟಿ, ಅತಿ ಹತ್ತಿರದ ಗೆರೆ ಹಿಡಿದು ಅಳೆಯುತ್ತಾರೆ. ಎಲ್ಲಾದರೂ ಕಡಿಮೆ ಬಿದ್ದೀತು ಅಂತ ಸಾವಿರಕ್ಕೆ ಒಂದರಂತೆ, ಅಂದರೆ 10 ಕಿಲೋಮೀಟರಿಗೆ 10 ಮೀಟರ್, ಮೇಲೆ ಸೇರಿಸುತ್ತಾರೆ. ನೀವು ಗುಂಪಿನಲ್ಲಿ ಓಡುವಾಗ ತಿರುವಿನ ಹೊರಗಡೆ ಓಡಿರುತ್ತೀರಿ, ನೀರಿನ ಮೇಜಿನತ್ತ ಅಡ್ಡ ಹೋಗಿರುತ್ತೀರಿ. ಜಿಪಿಎಸ್ ತನ್ನ ಅಂಕುಡೊಂಕನ್ನೂ ಸೇರಿಸಿರುತ್ತದೆ. ರೇಸಿನಲ್ಲಿ ಆಟೊ ಲ್ಯಾಪ್ (ಪ್ರತಿ ಕಿಲೋಮೀಟರಿಗೂ ವಾಚೇ ಲ್ಯಾಪ್ ಗುರುತಿಸಿಕೊಳ್ಳೋದು) ಆಫ್ ಮಾಡಿ, ದಾರಿಯಲ್ಲಿ ಕಿಲೋಮೀಟರ್ ಫಲಕ ಬಂದಾಗ ಕೈಯಿಂದ ಬಟನ್ ಒತ್ತಿ. ವಾಚಿನ ದೂರಕ್ಕಿಂತ ಆ ಸಮಯ ನಂಬಿಕೆಗೆ ಅರ್ಹ.

ಬಟನ್ ಅಂದ ಮೇಲೆ ಹೇಳಬೇಕು: ಟಚ್ ಒಂದನ್ನೇ ನಂಬಿದ ವಾಚು ಓಟಕ್ಕೆ ಬೇಡ. ಬೆವರು ಬೆರಳು, ಮಳೆ ಹನಿ, ಜರ್ಕಿನ್ನಿನ ತೋಳು, ಮೂರೂ ಟಚ್ಚಿಗೆ ಶತ್ರು. ಮಳೆ ಬಂದಾಗ ಹನಿಗಳೇ ಓಟದ ಎಣಿಕೆಯನ್ನು ನಿಲ್ಲಿಸಿಬಿಡುತ್ತವೆ. ಲ್ಯಾಪಿಗೊಂದು, ಶುರು-ನಿಲುಗಡೆಗೊಂದು, ಕನಿಷ್ಠ ಎರಡು ಗಟ್ಟಿ ಬಟನ್ ಇರಲಿ. ಅಂಗಡಿಯಲ್ಲೇ ಕಣ್ಣು ಮುಚ್ಚಿ ಒತ್ತಿ ನೋಡಿ.

ಟ್ರ್ಯಾಕಿನಲ್ಲಿ ಒಂದು ಪರೀಕ್ಷೆ

ವಾಚು ಮನೆಗೆ ಬಂದ ವಾರದೊಳಗೆ, ವಾಪಸ್ ಕೊಡುವ ಗಡುವು ಮುಗಿಯೋದಕ್ಕೆ ಮುಂಚೆ, ಸ್ಟೇಡಿಯಮ್ಮಿಗೆ ಹೋಗಿ. ಟ್ರ್ಯಾಕಿನ 400 ಮೀಟರ್ ಅನ್ನೋದು ಒಂದನೇ ಲೇನಿಗೆ ಮಾತ್ರ, ಅದೂ ಒಳ ಅಂಚಿನಿಂದ 30 ಸೆಂಟಿಮೀಟರ್ ಹೊರಗೆ ಅಳೆದದ್ದು. ಲೇನಿನ ಅಗಲ 1.22 ಮೀಟರ್. ಎರಡನೇ ಲೇನಿನಲ್ಲಿ ಪೂರ್ತಿ ಸುತ್ತು 407 ಮೀಟರ್, ನಾಲ್ಕನೆಯದರಲ್ಲಿ 422, ಎಂಟನೆಯದರಲ್ಲಿ 453. ವಾಕಿಂಗಿನವರಿಗೆ ದಾರಿ ಬಿಟ್ಟು ನಾಲ್ಕನೇ ಲೇನಿನಲ್ಲಿ ಹತ್ತು ಸುತ್ತು ಓಡಿದವರು "4 ಕಿಲೋಮೀಟರ್ ಓಡಿದೆ, ವಾಚು 4.2 ಅಂತ ಸುಳ್ಳು ಹೇಳ್ತಿದೆ" ಅಂದರೆ, ವಾಚು ಹೇಳಿದ್ದೇ ಸತ್ಯ.

ಗ್ಯಾಲರಿಯ ಚಾವಣಿಯ ಕೆಳಗೆ ನಿಲ್ಲದೆ ಮೈದಾನದ ನಡುವೆ ಸಿಗ್ನಲ್ ಹಿಡಿಸಿ. ಆಟೊ ಲ್ಯಾಪ್, ಆಟೊ ಪಾಜ್ (ನೀವು ನಿಂತಾಗ ವಾಚೇ ಎಣಿಕೆ ನಿಲ್ಲಿಸೋದು) ಎರಡೂ ಆಫ್. ಮಾಮೂಲು ರನ್ ಮೋಡಿನಲ್ಲಿ ಒಂದನೇ ಲೇನಿನಲ್ಲಿ ಹತ್ತು ಸುತ್ತು, ಪ್ರತಿ ಸುತ್ತಿಗೂ ಅದೇ ಗೆರೆಯ ಮೇಲೆ ಲ್ಯಾಪ್ ಒತ್ತಿ. ಒಟ್ಟು 4,000 ಮೀಟರಿಗೆ 3.94ರಿಂದ 4.08ರ ಒಳಗೆ ಬಂದರೆ ವಾಚು ಆರೋಗ್ಯವಾಗಿದೆ ಅಂತಲೇ ಲೆಕ್ಕ. ವೃತ್ತ ಜಿಪಿಎಸ್ಸಿಗೆ ಕಷ್ಟದ ಆಕಾರ, ತಿರುವಿನ ಉದ್ದಕ್ಕೂ ದಿಕ್ಕು ಬದಲಾಗುತ್ತಲೇ ಇರುತ್ತದೆ, ಅದಕ್ಕೆ ಈ ರಿಯಾಯಿತಿ. ಒಟ್ಟು ದೂರಕ್ಕಿಂತ ಸುತ್ತು-ಸುತ್ತಿನ ವ್ಯತ್ಯಾಸ ನೋಡಿ. ಎಲ್ಲ ಸುತ್ತೂ 405 ಅಂತ ತೋರಿಸುವ ವಾಚು ಒಳ್ಳೆಯದು. ಒಂದು ಸುತ್ತು 380, ಮುಂದಿನದು 425 ತೋರಿಸಿ ಸರಾಸರಿ ಸರಿ ಬಂದರೆ ಅದು ಅದೃಷ್ಟ. "ಟ್ರ್ಯಾಕ್" ಮೋಡ್ ಇದ್ದರೆ ಅದರಲ್ಲಿ ಇನ್ನೊಮ್ಮೆ ಓಡಿ: ಲೇನ್ ಸಂಖ್ಯೆ ಕೊಟ್ಟು, ಮೊದಲ ಎರಡು ಸುತ್ತು ಲೇನ್ ಬದಲಿಸದೆ ಓಡಿದರೆ ವಾಚು ಟ್ರ್ಯಾಕನ್ನು ಕಲಿತುಕೊಂಡು ಆಮೇಲೆ ದೂರವನ್ನು ಅದಕ್ಕೇ ಹೊಂದಿಸುತ್ತದೆ. ಇಂಟರ್ವಲ್ ಮಾಡುವವರಿಗೆ ಇದು ಡ್ಯುಯಲ್ ಬ್ಯಾಂಡಿಗಿಂತ ಹೆಚ್ಚು ಉಪಯೋಗ. ಬಲ ತಿರುವಿನಲ್ಲಿ, ಅಂದರೆ ಉಲ್ಟಾ ಸುತ್ತಬೇಡಿ ಅಂತ ಹೇಳಲೇಬೇಕಾ? ಬೆಳಗ್ಗೆ ಆರಕ್ಕೆ ಹೋಗಿ ನೋಡಿದರೆ ಹೇಳಲೇಬೇಕು ಅನ್ನಿಸುತ್ತದೆ.

ದುರ್ಗ ಹತ್ತುವವರಿಗೆ

ತುಮಕೂರು ಪಟ್ಟಣ ಸಮುದ್ರಮಟ್ಟಕ್ಕಿಂತ ಸುಮಾರು 820 ಮೀಟರ್ ಎತ್ತರದಲ್ಲಿದೆ, ದೇವರಾಯನದುರ್ಗದ ನೆತ್ತಿ ಹತ್ತಿರ ಹತ್ತಿರ 1,200 ಮೀಟರ್. ಏರಿನಲ್ಲಿ ಪೇಸ್ ನೋಡಿ ಓಡೋದು ವ್ಯರ್ಥ, ಎಷ್ಟು ಎತ್ತರ ಏರಿದೆವು ಅನ್ನೋದೇ ಮುಖ್ಯ. ಇದಕ್ಕೆ ವಾಚಿನಲ್ಲಿ ಗಾಳಿಯ ಒತ್ತಡ ಅಳೆದು ಎತ್ತರ ಹೇಳುವ ಬ್ಯಾರೋಮೀಟರ್ ಇರಬೇಕು. ಜಿಪಿಎಸ್ ಒಂದರಿಂದಲೇ ಎತ್ತರ ತೆಗೆಯುವ ವಾಚಿಗೆ ತಪ್ಪು ಜಾಸ್ತಿ, ಯಾಕೆಂದರೆ ಉಪಗ್ರಹಗಳೆಲ್ಲ ಮೇಲಿವೆ, ಭೂಮಿಯ ಕೆಳಗಿನಿಂದ ನೋಡುವವರು ಯಾರೂ ಇಲ್ಲ. ಅಡ್ಡದಲ್ಲಿ 4 ಮೀಟರ್ ತಪ್ಪಾದರೆ ಲಂಬದಲ್ಲಿ 8-10 ಸಹಜ. ಸಮತಟ್ಟಾದ ಕೆರೆ ಏರಿಯ ಮೇಲೆ ಓಡಿದರೂ "120 ಮೀಟರ್ ಹತ್ತಿದಿರಿ" ಅಂತ ಶಹಬ್ಬಾಸ್‌ಗಿರಿ ಕೊಡುವುದು ಇಂಥ ವಾಚುಗಳೇ.

ಬ್ಯಾರೋಮೀಟರಿಗೂ ಅದರದೇ ಚಾಳಿ ಇದೆ. ನಮ್ಮ ಎತ್ತರದಲ್ಲಿ ಗಾಳಿಯ ಒತ್ತಡ ಒಂದು ಹೆಕ್ಟೊಪ್ಯಾಸ್ಕಲ್ ಇಳಿದರೆ ವಾಚು ಸುಮಾರು 9 ಮೀಟರ್ ಏರಿದೆವು ಅಂದುಕೊಳ್ಳುತ್ತದೆ. ಉಷ್ಣವಲಯದಲ್ಲಿ ಒತ್ತಡ ದಿನಕ್ಕೆ ಎರಡು ಸಲ ಉಬ್ಬರ-ಇಳಿತದ ಹಾಗೆ ಏರಿಳಿಯುತ್ತದೆ: ಬೆಳಗ್ಗೆ ಹತ್ತರ ಸುಮಾರಿಗೆ ಹೆಚ್ಚು, ಸಂಜೆ ನಾಲ್ಕರ ಸುಮಾರಿಗೆ ಕಡಿಮೆ, ಮೂರು ನಾಲ್ಕು ಹೆಕ್ಟೊಪ್ಯಾಸ್ಕಲ್‌ನಷ್ಟು. ಅಂದರೆ ವಾಚನ್ನು ಮೇಜಿನ ಮೇಲೆ ಇಟ್ಟರೂ ಸಂಜೆಯ ಹೊತ್ತಿಗೆ ಅದು 30 ಮೀಟರ್ "ಹತ್ತಿರುತ್ತದೆ". ಓಟಕ್ಕೆ ಮುಂಚೆ ಗೊತ್ತಿರುವ ಎತ್ತರಕ್ಕೆ ಹೊಂದಿಸಿ ಶುರು ಮಾಡಿದರೆ ಎರಡು ಗಂಟೆಯ ಓಟಕ್ಕೆ ತೊಂದರೆಯಿಲ್ಲ. ಇನ್ನೊಂದು ಕಾಯಿಲೆ: ವಾಚಿನ ಮಗ್ಗುಲಲ್ಲೋ ಹಿಂಬದಿಯಲ್ಲೋ ಒತ್ತಡ ಹೋಗುವ ಸಣ್ಣ ತೂತುಗಳಿರುತ್ತವೆ. ಬೆವರಿನ ಉಪ್ಪು ಕಟ್ಟಿದರೆ ಎತ್ತರದ ಗೆರೆ ಮೆಟ್ಟಿಲು ಮೆಟ್ಟಿಲಾಗುತ್ತದೆ, ಇಲ್ಲವೇ ಸತ್ತುಹೋಗುತ್ತದೆ. ಪಿನ್ನು ಚುಚ್ಚಬೇಡಿ, ಒಳಗಿನ ಪೊರೆ ಹರಿದುಹೋಗುತ್ತದೆ. ಬೆಚ್ಚನೆಯ ನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಹರಿವ ನೀರಿಗೆ ಹಿಡಿದು ಒಣಗಿಸಿ.

ಘಾಟಿಯಲ್ಲಿ ಬ್ಯಾಟರಿ ಉಳಿಸುವ ಮೋಡ್ ಹಾಕಬೇಡಿ. ಅದು ಬಿಂದುಗಳನ್ನು ದೂರ ದೂರ ಇಡುತ್ತದೆ, ಹೇರ್‌ಪಿನ್ ತಿರುವಿನ ಎರಡು ತುದಿಗೂ ನೇರ ಗೆರೆ ಎಳೆದು ದೂರವನ್ನು ನುಂಗಿಹಾಕುತ್ತದೆ.

ಹೃದಯ ಬಡಿತವೋ, ಹೆಜ್ಜೆ ಎಣಿಕೆಯೋ

ಓಟದ ವಾಚಿನ ಅತಿ ದುರ್ಬಲ ಅಂಗ ಇದೇ. ಹಿಂಬದಿಯ ಹಸಿರು ದೀಪ ಚರ್ಮದೊಳಗೆ ಬೆಳಕು ಬಿಡುತ್ತದೆ. ರಕ್ತ ಹಸಿರನ್ನು ಹೀರಿಕೊಳ್ಳುತ್ತದೆ, ಪ್ರತಿ ಬಡಿತಕ್ಕೂ ವಾಪಸ್ ಬರುವ ಬೆಳಕು ಒಂಚೂರು ಏರಿಳಿಯುತ್ತದೆ. ಕೂತಾಗ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಓಡುವಾಗ ಕೈ ಬೀಸಿದಂತೆಲ್ಲ ವಾಚು ಅಲ್ಲಾಡಿ, ರಕ್ತವೂ ಆ ತಾಳಕ್ಕೇ ತುಳುಕುತ್ತದೆ. ಆಗ ವಾಚು ಹೃದಯ ಬಿಟ್ಟು ಹೆಜ್ಜೆ ಎಣಿಸಲು ಶುರು ಮಾಡುತ್ತದೆ.

ಪತ್ತೆ ಹಚ್ಚೋದು ಹೀಗೆ. ಪಕ್ಕದವರ ಜೊತೆ ಮಾತಾಡುತ್ತಾ ಆರಾಮಾಗಿ ಓಡುತ್ತಿದ್ದೀರಿ, ವಾಚು 168 ತೋರಿಸುತ್ತಿದೆ. ಬಲಗಾಲು ನೆಲಕ್ಕೆ ತಾಗೋದನ್ನು 30 ಸೆಕೆಂಡು ಎಣಿಸಿ. 42 ಬಂತಾ? ಎರಡು ಕಾಲಿಗೆ 84, ನಿಮಿಷಕ್ಕೆ 168. ಅಲ್ಲಿಗೆ ಕಳ್ಳ ಸಿಕ್ಕಿದ. ನಿಂತು ಕುತ್ತಿಗೆಯ ನಾಡಿ 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ನಿಜವಾದ ಸಂಖ್ಯೆ 140ರ ಆಸುಪಾಸು ಇರುತ್ತದೆ.

ಪರಿಹಾರ: ಮಣಿಕಟ್ಟಿನ ಮೂಳೆಯಿಂದ ಎರಡು ಬೆರಳು ಮೇಲೆ, ಮಾಂಸ ಇರುವಲ್ಲಿ ಕಟ್ಟಿ. ಓಡುವಾಗ ಮಾಮೂಲಿಗಿಂತ ಒಂದು ತೂತು ಬಿಗಿ, ಓಟ ಮುಗಿದ ಮೇಲೆ ಸಡಿಲ. ನಮ್ಮ ಕೈಗಳಲ್ಲಿ ಇನ್ನೊಂದು ತಾಪತ್ರಯ ಇದೆ: ದೇವಸ್ಥಾನದಲ್ಲಿ ಕಟ್ಟಿದ ದಾರ, ಕಡಗ, ಬಳೆ. ದಾರದ ಗಂಟು ವಾಚಿನಡಿ ಸಿಕ್ಕಿದರೆ ಒಂದು ಮಗ್ಗುಲು ಎದ್ದು ಹೊರಗಿನ ಬೆಳಕು ಒಳಗೆ ನುಗ್ಗುತ್ತದೆ, ಬಳೆ ಬಡಿದರೆ ವಾಚು ಅದಕ್ಕೂ ಲಯ ಹಿಡಿಯುತ್ತದೆ. ದಾರ ಬಿಚ್ಚಲು ಮನಸ್ಸಿಲ್ಲದಿದ್ದರೆ ವಾಚನ್ನು ಇನ್ನೊಂದು ಕೈಗೆ ಕಟ್ಟಿ, ಯಾವ ಕೈ ಅಂತ ಸೆಟ್ಟಿಂಗ್‌ನಲ್ಲೂ ಬದಲಿಸಿ. ಆ ಜಾಗದಲ್ಲಿ ದಟ್ಟ ಹಚ್ಚೆ ಇದ್ದರೆ ಬೆಳಕೇ ಒಳಗೆ ಹೋಗೋದಿಲ್ಲ. ಡಿಸೆಂಬರ್-ಜನವರಿಯ ಚಳಿ ಬೆಳಗಿನಲ್ಲಿ ಚರ್ಮದ ರಕ್ತನಾಳ ಮುದುಡಿರುತ್ತವೆ, ಮೊದಲ ಹತ್ತು ನಿಮಿಷದ ಅಂಕಿಗೆ ಅರ್ಥವಿಲ್ಲ.

ಇಂಟರ್ವಲ್ ಮಾಡುವವರು ಮಣಿಕಟ್ಟಿನ ಅಂಕಿ ನಂಬಲೇಬೇಡಿ. ಅದು ನಿಜವಾದ ಬಡಿತಕ್ಕಿಂತ ಹಲವು ಸೆಕೆಂಡು ಹಿಂದೆ ಬೀಳುತ್ತದೆ, 200 ಮೀಟರ್ ಓಟ ಅಷ್ಟರಲ್ಲಿ ಮುಗಿದೇಹೋಗಿರುತ್ತದೆ. ದುಬಾರಿ ವಾಚಿಗೆ ಕೊಡುವ ಹೆಚ್ಚಿನ ದುಡ್ಡಿನಲ್ಲಿ ಅಗ್ಗದ ವಾಚಿನ ಜೊತೆ ಎದೆಪಟ್ಟಿ ಕೊಳ್ಳಿ. ಅದು ಹೃದಯದ ವಿದ್ಯುತ್ತನ್ನೇ ಓದುತ್ತದೆ. ವಾಚು ಬ್ಲೂಟೂತ್ ಎದೆಪಟ್ಟಿಗೆ ಜೋಡಣೆಯಾಗುತ್ತದಾ ಅಂತ ಮೊದಲೇ ಖಚಿತಪಡಿಸಿಕೊಳ್ಳಿ, ಅಗ್ಗದ ಎಷ್ಟೋ ವಾಚುಗಳಿಗೆ ಇದು ಬರೋದಿಲ್ಲ. ಪಟ್ಟಿಯ ಒಳಬದಿಯನ್ನು ನೀರಿನಿಂದ ಒದ್ದೆ ಮಾಡಿ ಕಟ್ಟಬೇಕು. ಒಣ ಪಟ್ಟಿಗೆ ಪಾಲಿಯೆಸ್ಟರ್ ಟೀಶರ್ಟ್ ತಾಗಿದರೆ ಬೇಸಿಗೆಯ ಒಣ ಗಾಳಿಯಲ್ಲಿ 220 ಅಂತ ತೋರಿಸಿ ಹೆದರಿಸುತ್ತದೆ. ಓಟ ಮುಗಿದ ಮೇಲೆ ಪಟ್ಟಿಯ ಗುಂಡಿಯಿಂದ ಪಾಡ್ (ಎಲೆಕ್ಟ್ರಾನಿಕ್ ಭಾಗ) ಬಿಚ್ಚಿಡಿ. ಒದ್ದೆ ಪಟ್ಟಿಗೆ ಸಿಕ್ಕಿಸಿಯೇ ಬಿಟ್ಟರೆ ಅದು ಇನ್ನೂ ಎದೆಯ ಮೇಲೇ ಇದ್ದೇನೆ ಅಂದುಕೊಂಡು ಸಿಆರ್2032 ಬ್ಯಾಟರಿಯನ್ನು ಹೀರುತ್ತಿರುತ್ತದೆ.

ಬಡಿತದ ವಲಯಗಳ ಬಗ್ಗೆ ಒಂದು ಮಾತು. ಹಲವು ವಾಚುಗಳು ಗರಿಷ್ಠ ಬಡಿತವನ್ನು 220ರಿಂದ ವಯಸ್ಸು ಕಳೆದು ಇಟ್ಟುಕೊಂಡಿರುತ್ತವೆ. 208ರಿಂದ ವಯಸ್ಸಿನ 0.7 ಪಟ್ಟು ಕಳೆಯೋದು ಇನ್ನೊಂದು ಸೂತ್ರ. 40ರ ವಯಸ್ಸಿಗೆ ಎರಡೂ 180 ಅನ್ನುತ್ತವೆ, 60ಕ್ಕೆ ಮೊದಲನೆಯದು 160, ಎರಡನೆಯದು 166. ಎರಡೂ ಸರಾಸರಿಯ ಮಾತು, ಒಬ್ಬರಿಂದ ಒಬ್ಬರಿಗೆ ಹತ್ತು ಹನ್ನೆರಡು ಬಡಿತ ಹೆಚ್ಚುಕಮ್ಮಿ ಇರುತ್ತದೆ. ಎದೆಪಟ್ಟಿ ಕಟ್ಟಿಕೊಂಡು ಓಡಿದ ಜೋರಾದ 5 ಕಿಲೋಮೀಟರ್ ರೇಸಿನ ಕೊನೆಯಲ್ಲಿ ಕಂಡ ಅತಿ ಹೆಚ್ಚಿನ ಅಂಕಿಯನ್ನು ಕೈಯಾರೆ ಹಾಕಿ. ಬಿಪಿ, ಹೃದಯದ ಮಾತ್ರೆ ತೆಗೆದುಕೊಳ್ಳುವವರಿಗೆ ಈ ಸೂತ್ರ ಯಾವುದೂ ಹೊಂದೋದಿಲ್ಲ, ಅವರು ಡಾಕ್ಟರನ್ನೇ ಕೇಳಬೇಕು. ಇನ್ನು ಕ್ಯಾಲೊರಿ: ಕಿಲೋಮೀಟರಿಗೆ, ತೂಕದ ಪ್ರತಿ ಕಿಲೋಗೆ ಸುಮಾರು ಒಂದು. 65 ಕಿಲೋದವರು 8 ಕಿಲೋಮೀಟರ್ ಓಡಿದರೆ 520. ವಾಚು 800 ಅಂದರೆ ನಂಬಿ ಕ್ಯಾತ್ಸಂದ್ರದಲ್ಲಿ ಇನ್ನೊಂದು ತಟ್ಟೆ ಇಡ್ಲಿ ಹೇಳಬೇಡಿ. ಹೇಳಿದರೂ ವಾಚಿನ ಮೇಲೆ ಹಾಕಬೇಡಿ.

ಬ್ಯಾಟರಿ, ಪರದೆ, ಮತ್ತೆ ಕೆಲವು

"14 ದಿನ" ಅನ್ನೋದು ಜಿಪಿಎಸ್ ಹಾಕದೆ ಇಟ್ಟಾಗಿನ ಲೆಕ್ಕ. ನೋಡಬೇಕಾದ್ದು ಜಿಪಿಎಸ್ ಗಂಟೆ. ನಿಮ್ಮ ಅತಿ ಉದ್ದದ ಓಟದ ಮೂರು ಪಟ್ಟಾದರೂ ಇರಲಿ, ಯಾಕೆಂದರೆ ಡ್ಯುಯಲ್ ಬ್ಯಾಂಡ್ ಹಾಕಿದರೆ, ವಾಚಿನಿಂದಲೇ ಹಾಡು ಕೇಳಿದರೆ ಅದು ಗಣನೀಯವಾಗಿ ಇಳಿಯುತ್ತದೆ, ವರ್ಷಗಳು ಕಳೆದಂತೆ ಬ್ಯಾಟರಿಯೂ ಸವೆಯುತ್ತದೆ. ಅಳತೆಗೆ ಮೂರು ಉದಾಹರಣೆ: ಗಾರ್ಮಿನ್ ಫೋರ್‌ರನ್ನರ್ 55 ತೂಕ 37 ಗ್ರಾಂ, ಜಿಪಿಎಸ್ 20 ಗಂಟೆ, ಬ್ಯಾರೋಮೀಟರ್ ಇಲ್ಲ, ಸಿಂಗಲ್ ಬ್ಯಾಂಡ್. ಫೋರ್‌ರನ್ನರ್ 165 ತೂಕ 39 ಗ್ರಾಂ, 19 ಗಂಟೆ, ಬ್ಯಾರೋಮೀಟರ್ ಉಂಟು, ತಾನೇ ಬೆಳಗುವ ಅಮೊಲೆಡ್ ಪರದೆ, ಅದೂ ಸಿಂಗಲ್ ಬ್ಯಾಂಡೇ. ಕೊರೊಸ್ ಪೇಸ್ 3 ನೈಲಾನ್ ಪಟ್ಟಿಯೊಂದಿಗೆ 30 ಗ್ರಾಂ, 38 ಗಂಟೆ, ಬ್ಯಾರೋಮೀಟರ್ ಮತ್ತು ಡ್ಯುಯಲ್ ಬ್ಯಾಂಡ್ ಎರಡೂ. ಅಮಾನಿಕೆರೆಗೆ ಮೊದಲನೆಯದು ಸಾಕೋ ಸಾಕು. ದುರ್ಗಕ್ಕೆ ಮೂರನೆಯದು. ಎರಡನೆಯದು ಸುಂದರವಾಗಿದೆ.

ಅಮೊಲೆಡ್ ಪರದೆ ನಸುಕಿನಲ್ಲಿ ಕಣ್ಣಿಗೆ ಹಬ್ಬ. ಬಿಸಿಲಿನಲ್ಲಿ, ಕೈ ತಿರುಗಿಸಿದಾಗ ಹೊತ್ತಿಕೊಳ್ಳಲು ಅರ್ಧ ಕ್ಷಣ ತಡವಾಗುತ್ತದೆ. ಹೊರಗಿನ ಬೆಳಕಿನಿಂದಲೇ ಕಾಣುವ ಎಂಐಪಿ ಪರದೆ ಮಂಕಾಗಿದ್ದರೂ ಸದಾ ಅಂಕಿ ತೋರಿಸುತ್ತಿರುತ್ತದೆ, ಬಿಸಿಲು ಹೆಚ್ಚಿದಷ್ಟೂ ಸ್ಪಷ್ಟ. ಅಂಗಡಿಯ ಟ್ಯೂಬ್‌ಲೈಟಿನಡಿ ಎರಡನ್ನೂ ಹೋಲಿಸಬೇಡಿ, ಬಾಗಿಲಾಚೆ ರಸ್ತೆಗೆ ತಂದು ನೋಡಿ. ಕನ್ನಡದಲ್ಲಿ ಒಂದು ಮೆಸೇಜು ನಿಮಗೆ ನೀವೇ ಕಳಿಸಿಕೊಂಡೂ ನೋಡಿ. ಕೆಲವು ವಾಚುಗಳಲ್ಲಿ ಅಕ್ಷರದ ಬದಲು ಖಾಲಿ ಚೌಕಗಳ ಸಾಲು ಬರುತ್ತದೆ.

ನೀರು ತಡೆಯುವ ದರ್ಜೆ 5 ಎಟಿಎಂ ಅಂತ ಇದ್ದರೆ ಮಳೆಗೂ ಈಜಿಗೂ ತೊಂದರೆಯಿಲ್ಲ, ಬಿಸಿನೀರಿನ ಸ್ನಾನಕ್ಕೆ ಮಾತ್ರ ಬೇಡ, ಸೀಲು ಸಡಿಲಗೊಳ್ಳುತ್ತದೆ. ಚಾರ್ಜಿಂಗ್ ಪಿನ್ನು ಕಪ್ಪಾಗಿ ತಿಂದುಹೋಗೋದು ಬೆವರಿನ ಉಪ್ಪಿನ ಮೇಲೆ ಕರೆಂಟು ಹರಿಸಿದಾಗ. ತೊಳೆದು, ಒರೆಸಿ, ಒಣಗಿದ ಮೇಲೆ ಚಾರ್ಜಿಗೆ ಹಾಕಿ. ಡೀಟ್ ಅನ್ನೋ ರಾಸಾಯನಿಕ ಇರುವ ಸೊಳ್ಳೆ ಮುಲಾಮು ಪ್ಲಾಸ್ಟಿಕ್ ಗಾಜನ್ನೂ ಪಟ್ಟಿಯನ್ನೂ ಮಂಕು ಮಾಡುತ್ತದೆ. ಕೆರೆ ಕಡೆ ಹೋಗುವವರು ಹಚ್ಚಿಕೊಂಡ ಕೈ ತೊಳೆದು ವಾಚು ಮುಟ್ಟಿ.

ಹಳೆಯದು ಕೊಳ್ಳುವವರಿಗೆ

ಒಬ್ಬರು ಬಳಸಿ ಬಿಟ್ಟ ಒಳ್ಳೆಯ ವಾಚು, ಹೊಸ ಅಗ್ಗದ ವಾಚಿಗಿಂತ ವಾಸಿ. ಬಿಲ್ಲು ಕೇಳಿ, ಬಿಲ್ಲಿನಲ್ಲಿರುವ ಸೀರಿಯಲ್ ನಂಬರು ವಾಚಿನ ಸೆಟ್ಟಿಂಗ್‌ನಲ್ಲಿರೋದಕ್ಕೆ ತಾಳೆಯಾಗಬೇಕು. ಹೊರದೇಶದಿಂದ ತಂದದ್ದಕ್ಕೆ ಇಲ್ಲಿ ವಾರಂಟಿ ಸಿಗೋದು ಅನುಮಾನ. ಬ್ಯಾಟರಿ ಹೋದರೆ ಬಿಚ್ಚಿ ಹಾಕುವ ಮಾತೂ ಇಲ್ಲ, ಬಹುತೇಕ ಕಂಪನಿಗಳು ರಿಪೇರಿಯ ಬದಲು ಇನ್ನೊಂದು ವಾಚನ್ನೇ ಕೊಡುತ್ತವೆ. ಮಾರುವವರ ಎದುರಿಗೇ ಅವರ ಅಕೌಂಟಿನಿಂದ ವಾಚು ತೆಗೆಸಿ, ಫ್ಯಾಕ್ಟರಿ ರಿಸೆಟ್ ಮಾಡಿಸಿ, ನಿಮ್ಮ ಫೋನಿಗೆ ಜೋಡಿಸಿಯೇ ದುಡ್ಡು ಕೊಡಿ.

ಬ್ಯಾಟರಿಯ ವಯಸ್ಸು ತಿಳಿಯಲು ಎರಡು ಗಂಟೆ ಬೇಕು. ಪೂರ್ತಿ ಚಾರ್ಜ್ ಮಾಡಿ, ಫೋನಿನ ಬ್ಲೂಟೂತ್ ಆಫ್ ಮಾಡಿ, ಮನೆಯ ಮಾಳಿಗೆಯ ಮೇಲೆ ಬಯಲಲ್ಲಿ ಜಿಪಿಎಸ್ ರನ್ ಶುರು ಮಾಡಿ ಕೈಯಲ್ಲೇ ಕಟ್ಟಿಕೊಂಡಿರಿ. 20 ಗಂಟೆಯ ವಾಚಾದರೆ ಗಂಟೆಗೆ ಶೇ. 5ರಂತೆ ಶೇ. 10 ಇಳಿಯಬೇಕು. ಮೀಟರು ಮೊದಲ ಕೆಲವು ಅಂಕಿಗಳಲ್ಲಿ ಸೋಮಾರಿಯಾಗಿರುತ್ತದೆ, ಹಾಗಾಗಿ ಒಂದೇ ಗಂಟೆಗೆ ನಿಲ್ಲಿಸಬೇಡಿ. ಶೇ. 13 ಇಳಿದರೂ ಪರವಾಗಿಲ್ಲ, ಬೆಲೆಯಲ್ಲಿ ಚೌಕಾಸಿ ಮಾಡಿ. ಶೇ. 20 ಇಳಿದರೆ ಬ್ಯಾಟರಿ ಅರ್ಧ ಸತ್ತಿದೆ, ಚಾರ್ಜರ್ ಸಮೇತ ವಾಪಸ್ ಕೊಟ್ಟು ಬನ್ನಿ.